ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ರಾಜಕಾರಣ

ಭೂಮಿಯ ತಾಪ ಏರಿಸುತ್ತಿರುವ ಹಸಿರುಮನೆ ಅನಿಲಗಳನ್ನು ಯಾವ ದೇಶ ಎಷ್ಟು ತಗ್ಗಿಸಬೇಕು, ಅದರ ಖರ್ಚು ಯಾರ ತಲೆಗೆ, ಈಗಾಗಲೇ ಆಗಿಹೋದ ಹಾನಿಗೆ ಯಾರು ಹೊಣೆ ಎಂಬ ಪ್ರಶ್ನೆಗಳ ಮೇಲೆ 1980ರ ದಶಕದ ಕೊನೆಯಿಂದ ರಾಷ್ಟ್ರಗಳ ನಡುವೆ ನಡೆಯುತ್ತಿರುವ ಚೌಕಾಸಿ. ತಾಪ ಏರುತ್ತಿದೆಯೇ, ಅದಕ್ಕೆ ಮನುಷ್ಯ ಕಾರಣವೇ ಎಂಬ ವಾದ ವಿಜ್ಞಾನಿಗಳ ಮಟ್ಟಿಗೆ ಮುಗಿದು ಕಾಲವಾಯಿತು. ಉಳಿದಿರುವುದು ಲೆಕ್ಕದ ಜಗಳ. 1850ರಿಂದ ಈಚೆಗೆ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡನ್ನು ಕೂಡಿಸಿದರೆ ಪಳೆಯುಳಿಕೆ ಇಂಧನದಿಂದ ಬಂದದ್ದರಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು. ಈ ವರ್ಷದ ಹೊಗೆಯನ್ನಷ್ಟೇ ಎಣಿಸಿದರೆ ಚೀನಾ ಎಲ್ಲರಿಗಿಂತ ಮುಂದು. ಅದು ಅಮೆರಿಕವನ್ನು ಹಿಂದಿಕ್ಕಿದ್ದು 2006ರ ಸುಮಾರಿಗೆ. ದೇಶಗಳ ವಾರ್ಷಿಕ ಮೊತ್ತದಲ್ಲಿ ಭಾರತಕ್ಕೆ ಮೂರನೇ ಸ್ಥಾನ, ಆದರೆ ತಲಾ ಲೆಕ್ಕದಲ್ಲಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕನ್ನನದು ಸುಮಾರು 14 ಟನ್. ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿ ದೇಶವೂ ತನಗೆ ಒಗ್ಗುವುದನ್ನು ಕೈಯಲ್ಲಿ ಹಿಡಿದೇ ಸಭೆಗೆ ಬರುತ್ತದೆ.

ಹಿನ್ನೆಲೆ

1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಬಡತನ ಮತ್ತು ಪರಿಸರದ ನಂಟನ್ನು ಇಂದಿರಾ ಗಾಂಧಿ ಎತ್ತಿ ಹೇಳಿದಾಗಲೇ ಮುಂದಿನ ಐವತ್ತು ವರ್ಷಗಳ ವಾದಕ್ಕೆ ದಾರಿ ಬಿದ್ದಿತ್ತು. ಹವಾಮಾನ ಮಾತ್ರ ಆಗ ಮುಖ್ಯ ವಿಷಯವಾಗಿರಲಿಲ್ಲ. ಅದು ರಾಜಕಾರಣದ ಅಂಗಳಕ್ಕೆ ಬಂದದ್ದು 1988ರಲ್ಲಿ. ಆ ಜೂನ್‌ನಲ್ಲಿ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ತಾಪ ಏರಿಕೆ ಶುರುವಾಗಿದೆ ಎಂದು ಸಾಕ್ಷ್ಯ ನುಡಿದರು. ಅದೇ ವರ್ಷ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ಐಪಿಸಿಸಿ ಎಂಬ ಅಂತರಸರ್ಕಾರಿ ಸಮಿತಿಯನ್ನು ಕಟ್ಟಿದವು. ಅದರ ಹೆಸರಿನಲ್ಲಿರುವ 'ಅಂತರಸರ್ಕಾರಿ' ಎಂಬುದು ಅಲಂಕಾರಕ್ಕಲ್ಲ. ವರದಿ ಬರೆಯುವವರು ವಿಜ್ಞಾನಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಅವರೂ ಹೀಗೆ ಬರೆದವರಲ್ಲಿ ಒಬ್ಬರು. ಆದರೆ ಆಳುವವರಿಗಾಗಿ ಸಿದ್ಧವಾಗುವ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಕೂತು ಸಾಲು ಸಾಲಾಗಿ ಓದಿ ಒಪ್ಪಬೇಕು. ಇದರಿಂದ ವರದಿಯ ಮಾತು ಮೆತ್ತಗಾಗುತ್ತದೆ ಎಂಬ ದೂರಿದೆ. ಒಮ್ಮೆ ಒಪ್ಪಿದ ಸರ್ಕಾರ ಮುಂದೆ ವಿಜ್ಞಾನವೇ ತಪ್ಪು ಎನ್ನಲಾರದು ಎಂಬ ಲಾಭವೂ ಇದೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1990ರ ಡಿಸೆಂಬರ್‌ನಲ್ಲಿ ಒಪ್ಪಂದ ರಚನೆಗೆ ಸಮಿತಿ ನೇಮಿಸಿತು. ಆ ಹೊತ್ತಿಗೆ ದೆಹಲಿಯಿಂದ ಹೊರಟ ಒಂದು ಪುಟ್ಟ ಪುಸ್ತಕ ಬಡ ರಾಷ್ಟ್ರಗಳ ವಾದಕ್ಕೆ ಬೆನ್ನೆಲುಬಾಯಿತು. ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಹಾಗೂ ಸುನೀತಾ ನಾರಾಯಣ್ 1991ರಲ್ಲಿ ಪ್ರಕಟಿಸಿದ ಈ ಕೃತಿ, ವಾಷಿಂಗ್ಟನ್ನಿನ ಸಂಶೋಧನಾ ಸಂಸ್ಥೆಯೊಂದು ದೇಶಗಳ ಹೊಣೆಯನ್ನು ಲೆಕ್ಕ ಹಾಕಿದ ರೀತಿಯನ್ನು ಪ್ರಶ್ನಿಸಿತು. ಭತ್ತದ ಗದ್ದೆಯಿಂದ, ದನದ ಕೊಟ್ಟಿಗೆಯಿಂದ ಏಳುವ ಮೀಥೇನನ್ನೂ ಶ್ರೀಮಂತನ ಕಾರು ಉಗುಳುವ ಹೊಗೆಯನ್ನೂ ಒಂದೇ ಖಾತೆಗೆ ಬರೆಯುವುದು ಅನ್ಯಾಯ. ಬದುಕುವುದಕ್ಕಾಗಿ ಆಗುವ ಹೊರಸೂಸುವಿಕೆಯೇ ಬೇರೆ, ಭೋಗಕ್ಕಾಗಿ ಆಗುವುದೇ ಬೇರೆ. ಕಡಲು, ಕಾಡುಗಳು ಇಂಗಾಲ ಹೀರುವ ಶಕ್ತಿ ಎಲ್ಲ ಮನುಷ್ಯರಿಗೂ ಸಮನಾಗಿ ಸೇರಿದ್ದು ಎಂದು ವಾದಿಸಿತು. ಭಾರತದ ಅಧಿಕೃತ ನಿಲುವಿನಲ್ಲಿ ತಲಾ ಸಮಾನತೆಯ ಮಾತು ಇಂದಿಗೂ ಕೇಳುತ್ತದೆ. ಆ ಸಮಾನತೆಯನ್ನು ದೇಶದೊಳಗಿನ ಉಳ್ಳವರು ಮತ್ತು ಇಲ್ಲದವರ ನಡುವೆಯೂ ಅನ್ವಯಿಸಬೇಕೆಂಬ ಟೀಕೆಯನ್ನು ಮಾತ್ರ ಯಾವ ಸರ್ಕಾರವೂ ಸಂಧಾನದ ಮೇಜಿಗೆ ಹೊತ್ತೊಯ್ದದ್ದಿಲ್ಲ.

ಚೌಕಟ್ಟು ಒಪ್ಪಂದ

1992ರ ಮೇ 9ರಂದು ಅಂಗೀಕಾರವಾಗಿ, ರಿಯೊ ಡಿ ಜನೈರೊದ ಭೂ ಶೃಂಗಸಭೆಯಲ್ಲಿ ಸಹಿಗೆ ತೆರೆದು, 1994ರ ಮಾರ್ಚ್ 21ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಹವಾಮಾನ ಚೌಕಟ್ಟು ಒಪ್ಪಂದವೇ ಇಡೀ ವ್ಯವಸ್ಥೆಯ ಅಡಿಪಾಯ. ಇದರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ನಿರ್ದಿಷ್ಟ ಗುರಿ, ಗಡುವು ಬೇಡವೆಂದು ಜಾರ್ಜ್ ಬುಷ್ ಅವರ ಅಮೆರಿಕ ಪಟ್ಟು ಹಿಡಿದದ್ದರಿಂದ ಅದರಲ್ಲಿ ಕಡ್ಡಾಯ ಕಡಿತವಿಲ್ಲ. ಚಂದ್ರಶೇಖರ ದಾಸ್‌ಗುಪ್ತ ಅವರಂಥ ಭಾರತೀಯ ರಾಜತಾಂತ್ರಿಕರು ಹೋರಾಡಿ ಗಳಿಸಿದ್ದು ಒಂದು ತತ್ತ್ವವನ್ನು: ಹೊಣೆ ಎಲ್ಲರದ್ದೂ ಹೌದು, ಆದರೆ ಆಯಾ ದೇಶದ ಶಕ್ತಿಗೆ ತಕ್ಕಂತೆ ಬೇರೆ ಬೇರೆ.

ಆ ತತ್ತ್ವಕ್ಕೆ ರೂಪ ಕೊಟ್ಟದ್ದು ಎರಡು ಪಟ್ಟಿಗಳು. ಕೈಗಾರಿಕಾ ದೇಶಗಳೂ ಹಳೆಯ ಸೋವಿಯತ್ ಬಣದವೂ ಮೊದಲ ಪಟ್ಟಿಯಲ್ಲಿವೆ. ಇವು ಮುಂದಾಳತ್ವ ವಹಿಸಿ ಹೊರಸೂಸುವಿಕೆ ತಗ್ಗಿಸಬೇಕು. ಎರಡನೆಯದರಲ್ಲಿ ಶ್ರೀಮಂತ ದೇಶಗಳಷ್ಟೇ ಇವೆ. ಇವು ಹಣವನ್ನೂ ಕೊಡಬೇಕು. ಈ ಪಟ್ಟಿಗಳು 1992ರ ಜಗತ್ತಿನ ಚಿತ್ರ. ಸಿಂಗಪುರ, ದಕ್ಷಿಣ ಕೊರಿಯಾ, ಕೊಲ್ಲಿಯ ತೈಲ ರಾಷ್ಟ್ರಗಳು ಅಂದು ಹೊರಗುಳಿದವು, ಇಂದಿಗೂ ಹೊರಗೇ ಇವೆ. ಚೀನಾ ಕೂಡ ಅಷ್ಟೆ. ಮುಂದೆ ನಡೆದ ಪ್ರತಿ ಸಂಧಾನದಲ್ಲೂ ಶ್ರೀಮಂತ ದೇಶಗಳ ಗುರಿ ಈ ಗೋಡೆಯನ್ನು ಕೆಡವುವುದಾಗಿತ್ತು. ಅದನ್ನು ಉಳಿಸಿಕೊಳ್ಳಲು ಉಳಿದವರು ಹೆಣಗಿದರು.

ಮತವಿಲ್ಲದ ಸಭೆ

ಸದಸ್ಯ ರಾಷ್ಟ್ರಗಳ ವಾರ್ಷಿಕ ಸಮ್ಮೇಳನಕ್ಕೆ ಕಾಪ್ ಎಂಬ ಹೆಸರು ರೂಢಿಯಾಗಿದೆ. ಸಾಮಾನ್ಯ ಓದುಗರಿಗೆ ಗೊತ್ತಿಲ್ಲದ, ಆದರೆ ಉಳಿದ ಅನೇಕ ಸಂಗತಿಗಳಿಗೆ ಕೀಲಿಕೈಯಾದ ವಿಷಯವೊಂದು ಇಲ್ಲಿದೆ. ಈ ಸಮ್ಮೇಳನ ತನ್ನ ಕಾರ್ಯವಿಧಾನದ ನಿಯಮಗಳನ್ನು ಇಂದಿಗೂ ಅಧಿಕೃತವಾಗಿ ಅಂಗೀಕರಿಸಿಲ್ಲ. 1995ರಲ್ಲಿ, ಜರ್ಮನಿಯ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಅಧ್ಯಕ್ಷತೆಯಲ್ಲಿ ಬರ್ಲಿನ್‌ನಲ್ಲಿ ನಡೆದ ಮೊದಲ ಕಾಪ್‌ನಲ್ಲೇ ಮತದಾನ ಕುರಿತ 42ನೇ ನಿಯಮದ ಮೇಲೆ ಒಮ್ಮತ ಮೂಡಲಿಲ್ಲ. ಬಹುಮತದ ತೀರ್ಮಾನಕ್ಕೆ ಅವಕಾಶ ಸಿಗದಂತೆ ಅಡ್ಡ ನಿಂತವುಗಳಲ್ಲಿ ತೈಲ ರಾಷ್ಟ್ರಗಳೇ ಮುಖ್ಯ. ಅಂದಿನಿಂದ ಆ ಒಂದನ್ನು ಬಿಟ್ಟು ಉಳಿದ ನಿಯಮಗಳನ್ನು ಪ್ರತಿ ಸಲ 'ಅನ್ವಯಿಸಲಾಗುತ್ತದೆ', ತೀರ್ಮಾನವೆಲ್ಲ ಸಹಮತದ ಮೇಲೆ ನಡೆಯುತ್ತದೆ.

ಎಲ್ಲರಿಗಿಂತ ನಿಧಾನವಾಗಿ ನಡೆಯುವವನೇ ಗುಂಪಿನ ವೇಗ ಗೊತ್ತುಮಾಡುತ್ತಾನೆ ಎಂಬುದು ಇದರ ಮೊದಲ ಪರಿಣಾಮ. ಸೌದಿ ಅರೇಬಿಯಾ ಈ ಆಟದಲ್ಲಿ ನುರಿತದ್ದು. ತೈಲ ಮಾರಾಟ ಕುಗ್ಗಿದರೆ ತನಗೂ ಪರಿಹಾರ ಬೇಕೆಂಬ ಅದರ ವಾದಕ್ಕೆ ಮೂಲ ಒಪ್ಪಂದದ ನಾಲ್ಕನೇ ವಿಧಿಯಲ್ಲೇ ಆಧಾರ ಸಿಕ್ಕಿದೆ. ಎರಡನೇ ಪರಿಣಾಮ ಇನ್ನೂ ವಿಚಿತ್ರ: ಸಹಮತ ಎಂದರೇನು ಎಂಬುದನ್ನು ಅಧ್ಯಕ್ಷರ ಸುತ್ತಿಗೆ ತೀರ್ಮಾನಿಸುತ್ತದೆ. 2010ರಲ್ಲಿ ಕಾನ್‌ಕುನ್‌ನಲ್ಲಿ ಬೊಲಿವಿಯಾ ಕೊನೆಯವರೆಗೂ ಆಕ್ಷೇಪಿಸುತ್ತಿದ್ದಂತೆಯೇ ಮೆಕ್ಸಿಕೊದ ಪೆಟ್ರೀಸಿಯಾ ಎಸ್ಪಿನೋಸಾ ಸುತ್ತಿಗೆ ಬಡಿದರು. ಸಹಮತವೆಂದರೆ ಸರ್ವಾನುಮತವಲ್ಲ ಎಂಬುದು ಅವರ ವಿವರಣೆ. ಸಣ್ಣ ದೇಶದ ತಕರಾರಿಗೆ ಈ ವಿವರಣೆ ಅನ್ವಯವಾದಷ್ಟು ಸಲೀಸಾಗಿ ದೊಡ್ಡ ದೇಶದ ತಕರಾರಿಗೆ ಅನ್ವಯವಾದ ಉದಾಹರಣೆಗಳು ಕಡಿಮೆ.

ಬಣಗಳು

ಅಭಿವೃದ್ಧಿಶೀಲ ದೇಶಗಳ ದೊಡ್ಡ ಕೂಟ ಜಿ-77 ಮತ್ತು ಚೀನಾ. ಸದಸ್ಯರ ಸಂಖ್ಯೆ ಈಗ 130 ದಾಟಿದೆ. ಮುಳುಗುವ ಭಯದ ದ್ವೀಪವೂ ತೈಲ ಮಾರುವ ದೊರೆತನವೂ ಒಂದೇ ಚಪ್ಪರದಡಿ ಕೂತಿರುವುದು ಇದರ ಬಲ, ಇದರ ದೌರ್ಬಲ್ಯ. 1990ರಲ್ಲಿ ಹುಟ್ಟಿದ ಸಣ್ಣ ದ್ವೀಪ ರಾಷ್ಟ್ರಗಳ ಒಕ್ಕೂಟಕ್ಕೆ ಸೈನ್ಯವಿಲ್ಲ, ಮಾರುಕಟ್ಟೆಯಿಲ್ಲ; ಇದ್ದದ್ದು ನೈತಿಕ ಬಲ ಮಾತ್ರ. ಅದನ್ನು ಬಳಸುವುದು ಅವಕ್ಕೆ ಚೆನ್ನಾಗಿ ಗೊತ್ತಿತ್ತು. ಮಾಲ್ದೀವ್ಸ್‌ನ ಅಧ್ಯಕ್ಷ ಮೊಹಮದ್ ನಶೀದ್ 2009ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಸಭೆಯನ್ನು ಕಡಲ ನೀರಿನಡಿಯಲ್ಲೇ ನಡೆಸಿದರು. ಐರೋಪ್ಯ ಒಕ್ಕೂಟ ತನ್ನನ್ನು ಮುಂದಾಳು ಎಂದು ಬಗೆಯುತ್ತದೆ. ಭಾರತ, ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ 2009ರಲ್ಲಿ ಬೇಸಿಕ್ ಎಂಬ ಪ್ರತ್ಯೇಕ ಕೂಟ ಕಟ್ಟಿಕೊಂಡವು.

ಕ್ಯೋಟೊ ಮತ್ತು ಇಂಗಾಲದ ಪೇಟೆ

1997ರ ಡಿಸೆಂಬರ್ 11ರಂದು ಅಂಗೀಕಾರವಾದ ಕ್ಯೋಟೊ ಒಪ್ಪಂದ ಮೊದಲ ಪಟ್ಟಿಯ ದೇಶಗಳಿಗೆ ಮಾತ್ರ ಕಡ್ಡಾಯ ಗುರಿ ವಿಧಿಸಿತು: 2008ರಿಂದ 2012ರ ಅವಧಿಯಲ್ಲಿ, 1990ರ ಮಟ್ಟಕ್ಕಿಂತ ಸರಾಸರಿ ಶೇ 5.2ರಷ್ಟು ಇಳಿಕೆ. ಅದಕ್ಕೆ ಸುಮಾರು ಐದು ತಿಂಗಳ ಮೊದಲೇ ಅಮೆರಿಕದ ಸೆನೆಟ್, ಅಭಿವೃದ್ಧಿಶೀಲ ದೇಶಗಳಿಗೂ ಕಟ್ಟುಪಾಡು ಇರದ ಯಾವ ಒಪ್ಪಂದವನ್ನೂ ಒಪ್ಪಬಾರದೆಂದು 95-0 ಮತಗಳಿಂದ ಗೊತ್ತುವಳಿ ಮಾಡಿತ್ತು. ಉಪಾಧ್ಯಕ್ಷ ಅಲ್ ಗೋರ್ ಕ್ಯೋಟೊಗೆ ಹೋಗಿ ಮಾತನಾಡಿದರು, ಅಮೆರಿಕ ಸಹಿ ಹಾಕಿತು, ಒಪ್ಪಂದ ಸೆನೆಟ್ ಮೆಟ್ಟಿಲನ್ನೇ ಹತ್ತಲಿಲ್ಲ. 2001ರಲ್ಲಿ ಕಿರಿಯ ಬುಷ್ ಅದನ್ನು ತಿರಸ್ಕರಿಸಿದರು. ಬೇಕಾದಷ್ಟು ದೇಶಗಳ ಅನುಮೋದನೆ ಸಿಗಲು ರಷ್ಯಾದ ಮನವೊಲಿಸಬೇಕಾಯಿತು. ಅಂತೂ 2005ರ ಫೆಬ್ರುವರಿ 16ಕ್ಕೆ ಜಾರಿ. ಸೋವಿಯತ್ ಪತನದಿಂದ ಕಾರ್ಖಾನೆಗಳು ಮುಚ್ಚಿ ರಷ್ಯಾ, ಉಕ್ರೇನ್‌ಗಳ ಹೊಗೆ ತಾನಾಗಿಯೇ ಇಳಿದಿತ್ತು. ಏನೂ ಮಾಡದೆ ಉಳಿದ ಆ ಕೋಟಾವನ್ನು ಮಾರಲೂ ಅವಕ್ಕೆ ಅವಕಾಶವಿತ್ತು. ಕೆನಡಾ 2011ರಲ್ಲಿ ಹೊರನಡೆಯುವುದಾಗಿ ಘೋಷಿಸಿತು.

ಕ್ಯೋಟೊದ ಹೊಸ ಸೃಷ್ಟಿಯೆಂದರೆ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ. ಬಡ ದೇಶದಲ್ಲಿ ಹೊಗೆ ತಗ್ಗಿಸುವ ಯೋಜನೆಗೆ ಶ್ರೀಮಂತ ದೇಶ ಹಣ ಕೊಟ್ಟು, ಆ ಉಳಿತಾಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಇದರ ಒಳ್ಳೆಯ ಮುಖವನ್ನು ನೋಡಬೇಕಾದರೆ ಬಾಗೇಪಲ್ಲಿಗೆ ಹೋಗಬೇಕು. ಅಲ್ಲಿನ ಕೂಲಿ ಸಂಘ ಹಳ್ಳಿಯ ಬಡ ಕುಟುಂಬಗಳಿಗೆ ಗೋಬರ್ ಗ್ಯಾಸ್ ಕಟ್ಟಿಸಿ, ಉಳಿದ ಸೌದೆ ಹಾಗೂ ಸೀಮೆಎಣ್ಣೆಯ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ ಪಡೆಯಿತು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೂ ಇದೇ ದಾರಿಯಲ್ಲಿ ಹಣ ಹರಿಯಿತು. ಕೆಟ್ಟ ಮುಖವೂ ಇತ್ತು. ಶೀತಕ ತಯಾರಿಸುವಾಗ ಹುಟ್ಟುವ ಎಚ್ಎಫ್‌ಸಿ-23 ಎಂಬ ಅನಿಲವನ್ನು ಸುಟ್ಟರೆ ಸಿಗುವ ಕ್ರೆಡಿಟ್ ಎಷ್ಟು ಲಾಭದಾಯಕವಾಗಿತ್ತೆಂದರೆ, ಸುಡುವ ಸಲುವಾಗಿಯೇ ಚೀನಾ ಮತ್ತು ಭಾರತದ ಕೆಲವು ಕಾರ್ಖಾನೆಗಳು ಅದನ್ನು ಹೆಚ್ಚು ಉತ್ಪಾದಿಸುತ್ತಿವೆ ಎಂಬ ಆರೋಪ ಎದ್ದಿತು. 2013ರಿಂದ ಐರೋಪ್ಯ ಒಕ್ಕೂಟ ಅಂಥ ಕ್ರೆಡಿಟ್‌ಗಳನ್ನು ನಿಷೇಧಿಸಿತು. ಅಷ್ಟರಲ್ಲಿ ಪೇಟೆಯೇ ಕುಸಿದಿತ್ತು.

ಕೋಪನ್‌ಹೇಗನ್‌ನಿಂದ ಪ್ಯಾರಿಸ್‌ವರೆಗೆ

2009ರ ಡಿಸೆಂಬರ್‌ನ ಕೋಪನ್‌ಹೇಗನ್ ಸಮ್ಮೇಳನವನ್ನು ಸೋಲು ಎಂದು ಬರೆಯುವುದು ರೂಢಿ. ಇಂದಿನ ವ್ಯವಸ್ಥೆಯ ನಕಾಶೆ ಸಿದ್ಧವಾದದ್ದು ಅಲ್ಲೇ ಎಂಬುದು ಹೆಚ್ಚು ಸರಿಯಾದ ಮಾತು. ಆತಿಥೇಯ ಡೆನ್ಮಾರ್ಕ್ ಗುಟ್ಟಾಗಿ ತಯಾರಿಸಿದ್ದ ಕರಡು ಪತ್ರಿಕೆಗೆ ಸೋರಿ, ಆರಂಭದಲ್ಲೇ ನಂಬಿಕೆ ಮುರಿದಿತ್ತು. ಕೊನೆಯ ದಿನ ಬೇಸಿಕ್ ದೇಶಗಳ ನಾಯಕರಾದ ವೆನ್ ಜಿಯಾಬಾವೊ, ಮನಮೋಹನ್ ಸಿಂಗ್, ಲೂಲಾ, ಜೇಕಬ್ ಝೂಮಾ ಕೂತಿದ್ದ ಕೋಣೆಗೆ ಬರಾಕ್ ಒಬಾಮ ನುಗ್ಗಿ ಬಂದರು. ಐವರೂ ಸೇರಿ ಎರಡೂವರೆ ಪುಟದಷ್ಟು ಬರೆದರು. ಯುರೋಪ್ ಹೊರಗಿತ್ತು. ಸುಡಾನ್, ಬೊಲಿವಿಯಾ, ವೆನೆಜುವೆಲಾ, ಟುವಾಲು ಮೊದಲಾದವು ಒಪ್ಪದಿದ್ದರಿಂದ ಸಮ್ಮೇಳನ ಅದನ್ನು ಅಂಗೀಕರಿಸಲಿಲ್ಲ, 'ಗಮನಕ್ಕೆ ತೆಗೆದುಕೊಂಡಿತು'. ಆದರೆ ಅದರಲ್ಲಿದ್ದ ಮೂರು ಅಂಶ ಉಳಿದವು: 2 ಡಿಗ್ರಿಯ ಮಿತಿ, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು, ಮತ್ತು ತನ್ನ ಗುರಿಯನ್ನು ಪ್ರತಿ ದೇಶ ತಾನೇ ಬರೆದುಕೊಡುವ ಪದ್ಧತಿ.

ಭಾರತದ ಪರ ಅಲ್ಲಿ ಮಾತನಾಡಿದವರು ಅಂದಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಸಮ್ಮೇಳನಕ್ಕೆ ಮುಂಚೆ ಅವರು ಲೋಕಸಭೆಯಲ್ಲಿ, ಜಿಡಿಪಿಯ ಪ್ರತಿ ಘಟಕಕ್ಕೆ ಆಗುವ ಹೊರಸೂಸುವಿಕೆಯನ್ನು 2005ಕ್ಕೆ ಹೋಲಿಸಿ 2020ರೊಳಗೆ ಶೇ 20ರಿಂದ 25ರಷ್ಟು ತಗ್ಗಿಸುವುದಾಗಿ ಪ್ರಕಟಿಸಿದ್ದರು. ಕೇಳದೆಯೇ ಬಿಟ್ಟುಕೊಟ್ಟರು ಎಂದು ವಿರೋಧಿಗಳೂ ಕೆಲವು ಹಳೆಯ ಸಂಧಾನಕಾರರೂ ಮುನಿದರು. 'ಬೇಡ' ಎನ್ನುವುದನ್ನೇ ನೀತಿ ಮಾಡಿಕೊಂಡರೆ ಚೀನಾದ ನೆರಳಲ್ಲಿ ಸಿಕ್ಕಿಬೀಳುತ್ತೇವೆ ಎಂಬ ರಮೇಶ್ ಅವರ ಎಣಿಕೆ ಮುಂದಿನ ಸರ್ಕಾರಗಳಿಗೂ ದಾರಿಯಾಯಿತು. 2011ರ ಡರ್ಬನ್‌ನಲ್ಲಿ ಸಮತೆಯ ಪರವಾಗಿ ರಮೇಶ್ ನಂತರದ ಪರಿಸರ ಸಚಿವೆ ಜಯಂತಿ ನಟರಾಜನ್ ಕೆಚ್ಚಿನಿಂದ ವಾದಿಸಿದರೂ, ಮುಂದಿನ ಒಪ್ಪಂದ ಎಲ್ಲರಿಗೂ ಅನ್ವಯ ಎಂಬ ಮಾತನ್ನು ಒಪ್ಪಿಯೇ ಏಳಬೇಕಾಯಿತು.

2014ರ ನವೆಂಬರ್‌ನಲ್ಲಿ ಒಬಾಮ ಮತ್ತು ಷಿ ಜಿನ್‌ಪಿಂಗ್ ಬೀಜಿಂಗ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟ ಮೇಲೆ ಪ್ಯಾರಿಸ್‌ನ ದಾರಿ ಸುಗಮವಾಯಿತು. 2015ರ ಡಿಸೆಂಬರ್ 12ರಂದು ಸಮ್ಮೇಳನದ ಅಧ್ಯಕ್ಷ ಲೊರಾನ್ ಫಾಬಿಯುಸ್ ಸುತ್ತಿಗೆ ಬಡಿದು ಮುಗಿಸಿದ ಪ್ಯಾರಿಸ್ ಒಪ್ಪಂದ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೆಣೆದದ್ದು. ತಾಪ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ ತಡೆದು 1.5 ಡಿಗ್ರಿಗಾಗಿ ಯತ್ನಿಸುವುದು ಗುರಿ, ಈ 1.5 ದ್ವೀಪ ರಾಷ್ಟ್ರಗಳು, ಅದರಲ್ಲೂ ಮಾರ್ಷಲ್ ದ್ವೀಪಗಳ ಟೋನಿ ಡಿ ಬ್ರಮ್ ಅವರು, ಗೆದ್ದುಕೊಂಡದ್ದು. ಐದು ವರ್ಷಕ್ಕೊಮ್ಮೆ ಸಂಕಲ್ಪಪತ್ರ ಸಲ್ಲಿಸುವುದು ಕಡ್ಡಾಯ. ಅದರಲ್ಲಿ ಹೇಳಿದ್ದನ್ನು ಸಾಧಿಸುವುದು ಕಡ್ಡಾಯವಲ್ಲ. ಶ್ರೀಮಂತರ ಕಡಿತವನ್ನು ಕಡ್ಡಾಯವೆನ್ನುವ ಒಂದು ಕ್ರಿಯಾಪದ ಕೊನೆಯ ಕರಡಿನಲ್ಲಿ ಉಳಿದುಬಿಟ್ಟಿತ್ತು. ಹಾಗೇ ಬಿಟ್ಟರೆ ಸೆನೆಟ್ ಮುಂದೆ ಹೋಗಬೇಕಾಗುತ್ತದೆಂದು ಅಮೆರಿಕ ಹಟ ಹಿಡಿದಾಗ ಅದನ್ನು ಅಚ್ಚಿನ ತಪ್ಪೆಂಬಂತೆ ತಿದ್ದಲಾಯಿತು.

ಕ್ಯೋಟೊದಿಂದ ಪ್ಯಾರಿಸ್‌ಗೆ ಬರುವಷ್ಟರಲ್ಲಿ ಶ್ರೀಮಂತ ದೇಶಗಳು ಗೋಡೆಯನ್ನು ಕೆಡವಿದ್ದವು, ಬೆಲೆಯಾಗಿ ಕಡ್ಡಾಯವನ್ನೂ ಕಳೆದಿದ್ದವು. ಕೆಲವರಿಗಿದ್ದ ಬಿಗಿಯಾದ ಕಟ್ಟುಪಾಡಿನ ಜಾಗಕ್ಕೆ ಎಲ್ಲರಿಗೂ ಸಡಿಲವಾದ ಕಟ್ಟುಪಾಡು ಬಂತು. 2016ರ ಅಕ್ಟೋಬರ್ 2ರಂದು ಭಾರತ ಇದನ್ನು ಅನುಮೋದಿಸಿತು. ಅಮೆರಿಕದ ನಡೆ ಮಾತ್ರ ಒಳಗೊಮ್ಮೆ ಹೊರಗೊಮ್ಮೆ: ಡೊನಾಲ್ಡ್ ಟ್ರಂಪ್ ಹೊರತಂದರು, 2021ರ ಫೆಬ್ರುವರಿಯಲ್ಲಿ ಜೋ ಬೈಡನ್ ಮತ್ತೆ ಸೇರಿಸಿದರು, 2025ರ ಜನವರಿ 20ರಂದು ಟ್ರಂಪ್ ಪುನಃ ನಿರ್ಗಮನದ ಆದೇಶಕ್ಕೆ ಸಹಿ ಮಾಡಿದರು.

ಕಲ್ಲಿದ್ದಲು, ತೈಲ, ಅನಿಲ

ಮೂರು ದಶಕಗಳ ಒಪ್ಪಂದಗಳಲ್ಲಿ ಹೊಗೆಯ ಮಾತಿತ್ತು, ಹೊಗೆ ಹುಟ್ಟಿಸುವ ಇಂಧನವನ್ನು ಕೈಬಿಡುವ ಮಾತಿರಲಿಲ್ಲ. 2021ರ ಗ್ಲಾಸ್ಗೊದಲ್ಲಿ ಕಲ್ಲಿದ್ದಲಿನ ಹೆಸರು ಮೊದಲ ಬಾರಿ ಬಂತು. ಕಡೆಯ ಗಳಿಗೆಯಲ್ಲಿ ಭಾರತದ ಸಚಿವ ಭೂಪೇಂದರ್ ಯಾದವ್, ಚೀನಾದ ಬೆಂಬಲದೊಂದಿಗೆ, ಅದನ್ನು 'ಹಂತಹಂತವಾಗಿ ನಿಲ್ಲಿಸುವ' ಮಾತನ್ನು 'ಹಂತಹಂತವಾಗಿ ಇಳಿಸುವ' ಎಂದು ಬದಲಿಸಿದರು. ಅಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೇಳುತ್ತ ಗದ್ಗದಿತರಾದರು. ಪಾಶ್ಚಾತ್ಯ ಪತ್ರಿಕೆಗಳು ಭಾರತವನ್ನು ಖಳನಾಯಕನಾಗಿ ಚಿತ್ರಿಸಿದವು. ಮುಕ್ಕಾಲು ಪಾಲು ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಪಡೆಯುವ ದೇಶಕ್ಕೆ ಕಲ್ಲಿದ್ದಲಷ್ಟೇ ಪಾಪವೆಂದೂ, ಅಮೆರಿಕ ಹಾಗೂ ಯುರೋಪ್ ನೆಚ್ಚಿಕೊಂಡ ತೈಲ ಮತ್ತು ಅನಿಲ ಪಾಪವಲ್ಲವೆಂದೂ ಹೇಳುವ ವಾಕ್ಯ ಹೇಗೆ ಕಂಡೀತು ಎಂದು ಕೇಳಿದವರು ಕಡಿಮೆ. ಮರುವರ್ಷ ಈಜಿಪ್ಟಿನಲ್ಲಿ, ಹಾಗಾದರೆ ಮೂರನ್ನೂ ಸೇರಿಸಿ ಎಂದು ಭಾರತವೇ ಒತ್ತಾಯಿಸಿತು. ಆಗ ತೈಲ ದೇಶಗಳು ತಡೆದವು. 2023ರಲ್ಲಿ ದುಬೈನಲ್ಲಿ, ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥ ಸುಲ್ತಾನ್ ಅಲ್ ಜಾಬರ್ ಅವರ ಅಧ್ಯಕ್ಷತೆಯಲ್ಲೇ, ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂಬ ಮಾತು ದಾಖಲಾದದ್ದು ಈ ಇತಿಹಾಸದ ಒಂದು ತಮಾಷೆ. ಆ ಸರಿಯುವಿಕೆಗೆ ಮಾರ್ಗಸೂಚಿ ಬೇಕೆಂದು 2025ರಲ್ಲಿ ಬ್ರೆಜಿಲ್‌ನ ಬೆಲೆಂ ಸಮ್ಮೇಳನದಲ್ಲಿ ಹಲವು ದೇಶಗಳು ಕೇಳಿದರೂ ಅಂತಿಮ ಪಠ್ಯದಲ್ಲಿ ಅದು ಸೇರಲಿಲ್ಲ.

ಹಣ ಮತ್ತು ಹಾನಿ

10,000 ಕೋಟಿ ಡಾಲರ್ ವಾಗ್ದಾನ 2020ಕ್ಕೆ ಈಡೇರಲಿಲ್ಲ. ಶ್ರೀಮಂತ ದೇಶಗಳ ಸಂಘಟನೆ ಒಇಸಿಡಿ ಪ್ರಕಾರ ಆ ಗಡಿ ದಾಟಿದ್ದು 2022ರಲ್ಲಿ. ಅದರಲ್ಲಿ ಸರ್ಕಾರಿ ಮೂಲದ ಹಣದ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಸಾಲ. ತಾನು ಮಾಡದ ತಪ್ಪಿಗೆ ಬಡ್ಡಿ ಕಟ್ಟುವುದು ನೆರವು ಹೇಗಾಗುತ್ತದೆ ಎಂಬುದು ಬಡ ದೇಶಗಳ ಪ್ರಶ್ನೆ. 2024ರ ಬಾಕು ಸಮ್ಮೇಳನದಲ್ಲಿ ಅವು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದವು. ಶ್ರೀಮಂತ ದೇಶಗಳ ಮುಂದಾಳತ್ವದಲ್ಲಿ 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಕೂಡಿಸುವುದೆಂದು ತೀರ್ಮಾನವಾಯಿತು. ದೊಡ್ಡ ಮೊತ್ತ ಬರೀ ಆಶಯವಾಗಿ ಉಳಿಯಿತು. ಸುತ್ತಿಗೆ ಬಿದ್ದ ಮೇಲಷ್ಟೇ ಭಾರತದ ಪ್ರತಿನಿಧಿ ಚಾಂದನಿ ರೈನಾ ಅವರಿಗೆ ಮಾತನಾಡಲು ಅವಕಾಶ ಸಿಕ್ಕಿತು. ಇದು ಕಣ್ಕಟ್ಟು ಎಂದು ಅವರು ಕಟುವಾಗಿ ಆಕ್ಷೇಪಿಸಿದರು. ಆಕ್ಷೇಪ ದಾಖಲಾಯಿತು, ತೀರ್ಮಾನ ಬದಲಾಗಲಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಪರಿಹಾರದ ಪ್ರಶ್ನೆ. ಕಡಲೇರಿಕೆಗೆ ಅಂತರರಾಷ್ಟ್ರೀಯ ವಿಮೆ ಬೇಕೆಂದು ವನುವಾಟು ದ್ವೀಪ ರಾಷ್ಟ್ರಗಳ ಪರವಾಗಿ 1991ರಲ್ಲೇ ಕೇಳಿತ್ತು. ಹೊಣೆ ಒಪ್ಪಿದರೆ ದಾವೆಗಳ ಸಾಲೇ ನಿಲ್ಲುತ್ತದೆ ಎಂಬ ಭಯದಿಂದ ಅಮೆರಿಕ ಇದನ್ನು ದಶಕಗಳ ಕಾಲ ದೂರವಿಟ್ಟಿತು. ನಷ್ಟ ಮತ್ತು ಹಾನಿಯ ಮಾತು ಪ್ಯಾರಿಸ್ ಒಪ್ಪಂದದಲ್ಲಿದೆ, ಆದರೆ ಅದು ಕಾನೂನು ಹೊಣೆಗಾಗಲಿ ಪರಿಹಾರಕ್ಕಾಗಲಿ ಆಧಾರವಲ್ಲ ಎಂಬ ಸಾಲನ್ನು ಜೊತೆಯ ನಿರ್ಣಯದ 51ನೇ ಕಂಡಿಕೆಯಲ್ಲಿ ಬರೆಸಲಾಗಿದೆ. 2022ರಲ್ಲಿ ಪ್ರವಾಹದಿಂದ ತತ್ತರಿಸಿದ್ದ ಪಾಕಿಸ್ತಾನ ಜಿ-77ರ ಅಧ್ಯಕ್ಷ ಸ್ಥಾನದಲ್ಲಿದ್ದು ಹೋರಾಡಿದ್ದರಿಂದ ಕೊನೆಗೂ ಪ್ರತ್ಯೇಕ ನಿಧಿಗೆ ಒಪ್ಪಿಗೆ ಸಿಕ್ಕಿತು. ಮರುವರ್ಷ ದುಬೈನಲ್ಲಿ ಅದಕ್ಕೆ ಘೋಷಣೆಯಾದ ಹಣ 70 ಕೋಟಿ ಡಾಲರ್‌ನ ಆಸುಪಾಸು. ಪಾಕಿಸ್ತಾನದ ಆ ಒಂದು ಪ್ರವಾಹದ ನಷ್ಟದ ಅಂದಾಜೇ 3,000 ಕೋಟಿ ಡಾಲರ್.

ಸಂಧಾನದಲ್ಲಿ ಸಿಗದದ್ದನ್ನು ದ್ವೀಪಗಳು ನ್ಯಾಯಾಲಯದಲ್ಲಿ ಹುಡುಕಿದವು. ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳು ಹುಟ್ಟುಹಾಕಿದ ಅಭಿಯಾನವನ್ನು ವನುವಾಟು ಸಾಮಾನ್ಯ ಸಭೆಗೆ ಒಯ್ದಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸಲಹಾ ಅಭಿಪ್ರಾಯ ಕೊಟ್ಟು, ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮುರಿದರೆ ಪರಿಹಾರದ ಹೊಣೆಯೂ ಬರಬಹುದು ಎಂದು ಸರ್ವಾನುಮತದಿಂದ ಹೇಳಿತು. ವಿಚಾರಣೆಯ ವೇಳೆ ಈಗಿರುವ ಹವಾಮಾನ ಒಪ್ಪಂದಗಳೇ ಸಾಕು, ಹೊಸ ಹೊಣೆ ಹೊರಿಸಬೇಡಿ ಎಂಬ ಧಾಟಿಯಲ್ಲಿ ವಾದಿಸಿದವರ ಸಾಲಿನಲ್ಲಿ ಅಮೆರಿಕ, ಸೌದಿ ಅರೇಬಿಯಾಗಳ ಜೊತೆ ಚೀನಾ, ಭಾರತವೂ ಇದ್ದವು. 1991ರ ಪುಸ್ತಕದ ವಾದವನ್ನು ಹೊತ್ತು ಬೆಳೆದ ದೇಶ ಈಗ ಸಾಲಗಾರರ ಬೆಂಚಿಗೂ ಹತ್ತಿರವಾಗಿ ಕೂರತೊಡಗಿದೆ.

ಗಡಿಯ ಸುಂಕ

ವಾದ ಈಗ ವ್ಯಾಪಾರದ ಕಟ್ಟೆಗೆ ಸರಿದಿದೆ. ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮೊದಲಾದ ಸರಕಿನ ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊಮ್ಮಿತೋ ಅದಕ್ಕೆ ತಕ್ಕ ಶುಲ್ಕ ವಸೂಲು ಮಾಡುವ ವ್ಯವಸ್ಥೆಯನ್ನು ಐರೋಪ್ಯ ಒಕ್ಕೂಟ ಮಾಡಿಕೊಂಡಿದೆ. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳುತ್ತಿದ್ದ ಒಕ್ಕೂಟ 2026ರ ಜನವರಿ 1ರಿಂದ ಪೂರ್ಣ ಹಂತಕ್ಕೆ ಕಾಲಿಟ್ಟಿತು. ನಮ್ಮ ಕಾರ್ಖಾನೆಗಳು ದುಬಾರಿ ಇಂಗಾಲದ ಬೆಲೆ ತೆರುವಾಗ ಹೊರಗಿನ ಅಗ್ಗದ ಮಾಲು ಒಳನುಗ್ಗಬಾರದು ಎಂಬುದು ಬ್ರಸೆಲ್ಸ್ ವಾದ. ಶಕ್ತಿಗೆ ತಕ್ಕ ಹೊಣೆ ಎಂಬ 1992ರ ತತ್ತ್ವವನ್ನು ಇದು ಬಂದರಿನ ಕಟ್ಟೆಯಲ್ಲೇ ರದ್ದು ಮಾಡುತ್ತದೆ ಎಂಬುದು ದೆಹಲಿ ಮತ್ತು ಬೀಜಿಂಗ್‌ಗಳ ದೂರು. ಭಾರತದ ಉಕ್ಕು ಹೆಚ್ಚಾಗಿ ಕಲ್ಲಿದ್ದಲು ಆಧಾರಿತವಾದ್ದರಿಂದ ಟನ್ನಿಗೆ ಹೊಮ್ಮುವ ಇಂಗಾಲ ಜಾಗತಿಕ ಸರಾಸರಿಗಿಂತ ಹೆಚ್ಚು. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಊದುಕುಲುಮೆಗಳಿಂದ ಹೊರಟು ಯುರೋಪಿಗೆ ಹೋಗುವ ಉಕ್ಕಿಗೂ ಈ ಲೆಕ್ಕ ತಪ್ಪಿದ್ದಲ್ಲ. ಬೆಲೆಂನಲ್ಲಿ ಇಂಥ ಏಕಪಕ್ಷೀಯ ಕ್ರಮಗಳನ್ನು ಕಾರ್ಯಸೂಚಿಗೆ ತರಲು ಅಭಿವೃದ್ಧಿಶೀಲ ದೇಶಗಳು ಒತ್ತಾಯಿಸಿದವು; ಸಿಕ್ಕಿದ್ದು ಸಂವಾದ ನಡೆಸುವ ತೀರ್ಮಾನ. ಭಾರತ ಅಷ್ಟಕ್ಕೆ ಕಾಯದೆ 2023ರಲ್ಲೇ ತನ್ನದೇ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿದೆ. ತವರಿನಲ್ಲಿ ತೆತ್ತ ಇಂಗಾಲದ ಬೆಲೆಯನ್ನು ಗಡಿ ಶುಲ್ಕದಿಂದ ಕಳೆಯಲು ಯುರೋಪಿನ ನಿಯಮ ಅವಕಾಶ ಕೊಡುತ್ತದಾದ್ದರಿಂದ, ಹೇಗೂ ಕಟ್ಟಬೇಕಾದ ಹಣ ಬ್ರಸೆಲ್ಸ್ ಬೊಕ್ಕಸಕ್ಕೆ ಹೋಗುವ ಬದಲು ದೆಹಲಿಯದಕ್ಕೆ ಬೀಳಲಿ ಎಂಬ ಲೆಕ್ಕವೂ ಇದರ ಹಿಂದಿದೆ.